ಈಶ್ವರಿ ಹೊಲಿದ ಪಟ್ಟಿ

ಭಾಲ್ಕಿ
9 ಜೂನ್ 2024

ನಿಜಾಮೋದ್ದೀನ ಅವರಿಗೆ,

ಶರಣಾರ್ಥಿ. ಲಕೋಟೆಯ ಹಿಂದಿನ ಹೆಸರು ನೋಡಿ ಒಡೆಯಲೋ ಬೇಡವೋ ಎಂದು ನೀವು ಯೋಚಿಸಿರಬೇಕು. ಬರೆಯಲೋ ಬೇಡವೋ ಎಂದು ನಾನೂ ಯೋಚಿಸಿದ್ದೇನೆ, ಲೆಕ್ಕ ಸರಿಹೋಯಿತು. ಕಾರ್ ರೇಸಿನಲ್ಲಿ ತೀರಿಕೊಂಡ ನಿಮ್ಮ ಗೆಳೆಯ ವೀರಭದ್ರ ಅವರ ಹೆಂಡತಿ ನಾನು, ಈಶ್ವರಿ. ನಲವತ್ತೆಂಟು ವರ್ಷಗಳ ಮೇಲೆ ಬರೆಯುತ್ತಿದ್ದಾಳೆ ಎಂದು ಇದನ್ನು ರಾಜಿಯ ಕಾಗದ ಎಂದುಕೊಳ್ಳಬೇಡಿ. ಅವರ ವರ್ಷದ ಪೂಜೆ ಮುಗಿಯುವ ಮೊದಲೇ ನೀವು ಮತ್ತೆ ರೇಸಿನ ಗಾಡಿಯಲ್ಲಿ ಕೂತವರು. ಅದನ್ನು ನಾನು ಮರೆತಿಲ್ಲ. ಆದರೆ ಒಂದು ಕೆಲಸವಿದೆ, ಅದನ್ನು ಮಾಡಬಲ್ಲವರು ನೀವೊಬ್ಬರೇ ಉಳಿದಿದ್ದೀರಿ.

ಫೋನ್ ಮಾಡಬಹುದಿತ್ತು. ಎಕಂಬಾದ ಶಾಲೆಯಲ್ಲಿ ನನ್ನ ಜೊತೆ ಕೆಲಸ ಮಾಡಿದ ನಾಹೀದ ಟೀಚರ್ ನಿಮ್ಮ ಓಣಿಯವರು. "ಅವ್ರಿಗಿ ಕಿವಿ ಪೂರಾ ಹೋಗ್ಯಾವರಿ, ಫೋನ್ ಹಿಡ್ದು ಏನ್ಮಾಡ್ತಾರ" ಎಂದರು. ವಯಸ್ಸಾಯಿತಲ್ಲ, ಯಾರಿಗೂ ತಪ್ಪಿದ್ದಲ್ಲ. ಮೊಬೈಲಿನಲ್ಲಿ ಬರೆದರೆ ಮನೆಮಂದಿಯೆಲ್ಲ ಓದುತ್ತಾರೆ. ಹಾಗಾಗಿ ಅಂಚೆ.

ವಿಷಯ ಹೀಗಿದೆ. ನನ್ನ ಮಗ ಸಂಜುಕುಮಾರನ ಮಗಳು ಮೇಘಾ ಬೀದರಿನಲ್ಲಿ ಎಂಜಿನಿಯರಿಂಗ್ ಓದುತ್ತಾಳೆ. ಹೈದರಾಬಾದಿಗೆ ಹೋಗಿ ಸಣ್ಣ ಸಣ್ಣ ರೇಸ್ ಗಾಡಿ ಓಡಿಸಿ ಬರುತ್ತಿದ್ದಳು. ಹುಡುಗಾಟ ಎಂದು ಬಿಟ್ಟಿದ್ದೆವು. ಈಗ ಕೊಯಮತ್ತೂರಿನಲ್ಲಿ ರೇಸ್ ಚಾಲಕರ ತರಬೇತಿಗೆ ಆಯ್ಕೆಯಾಗಿದ್ದಾಳೆ, ಅಕ್ಟೋಬರಿನಲ್ಲಿ ಹೊರಡಬೇಕು. ಅಪ್ಪನನ್ನು ಕೇಳಿದರೆ ಅವನು, "ನಿಮ್ಮ ಆಯಿ ಹೂಂ ಅಂದ್ರ ಹೋಗು" ಎಂದು ನನ್ನ ಕಡೆ ಬೆರಳು ತೋರಿಸಿದ. ನಾನು ಬೇಡ ಎಂದೆ. ಹುಡುಗಿ ಜಗಳ ಮಾಡಲಿಲ್ಲ. ನನ್ನ ಪಕ್ಕ ಕೂತು, "ಯಾಕ ಬ್ಯಾಡ ಆಯಿ? ಕಾರಣ ಹೇಳು, ನಾ ಕೇಳ್ತೇನಿ" ಎಂದಳು. ಏನು ಕಾರಣ ಹೇಳಲಿ? ರೇಸಿಗೆ ಗಂಡನನ್ನು ಕೊಟ್ಟವಳು ನಾನು, ಆದರೆ ಒಂದು ರೇಸನ್ನೂ ಕಣ್ಣಿಂದ ಕಂಡವಳಲ್ಲ.

ನೀವು ಕಂಡಿದ್ದೀರಿ. ಆ ಕಾಲದಲ್ಲಿ ಗಂಡಸರು ಹೇಗೆ ಸಾಯುತ್ತಿದ್ದರು ಎಂಬುದನ್ನು ಬರೆದು ಕಳಿಸಿರಿ. ಮೃದು ಮಾಡಬೇಡಿ. ಹುಡುಗಿ ಹೆದರಬೇಕು.

ಈಶ್ವರಿ

*

ಚೌಬಾರಾ ಹತ್ತಿರ, ಬೀದರ
17 ಜೂನ್ 2024

ಈಶ್ವರಿ ವೈನಿಯವರಿಗೆ,

ನಿಜಾಮೋದ್ದೀನನ ಸಲಾಂ. ನನ್ನ ಕನ್ನಡದ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿಕೊಂಡು ಓದಿರಿ. ನಿಮ್ಮ ಕಾಗದ ಬಂದಾಗ ಮನೆಯವರೆಲ್ಲ ಸುತ್ತ ನೆರೆದರು. ನನಗೆ ವಿದ್ಯುತ್ ಬಿಲ್ಲು ಬಿಟ್ಟು ಬೇರೆ ಅಂಚೆ ಬಂದು ವರ್ಷಗಳಾದವು. ನನ್ನ ಹೆಂಡತಿ ಖತೀಜಾ ತೀರಿಹೋಗಿ ಮೂರು ವರ್ಷವಾಯಿತು, ನಿಮಗೆ ತಿಳಿದಿರಬಹುದು. ಮಗಳು ನಸ್ರೀನ, ಅಳಿಯ, ಮಕ್ಕಳು ಎಲ್ಲರೂ ಇಲ್ಲೇ ಇದ್ದಾರೆ. ಮನೆ ತುಂಬಿದೆ. ಊಟಕ್ಕೆ ಕೂತಾಗ ಎಲ್ಲರ ಬಾಯಿ ಆಡುತ್ತದೆ, ನಗುತ್ತಾರೆ, ಅವರು ನಕ್ಕಾಗ ನಾನೂ ನಗುತ್ತೇನೆ. ಯಾತಕ್ಕೆ ಎಂದು ಗೊತ್ತಿರುವುದಿಲ್ಲ.

ಇರಲಿ. ಹುಡುಗಿಯನ್ನು ಹೆದರಿಸುವ ಕೆಲಸಕ್ಕೆ ಬರುತ್ತೇನೆ.

ಮೇಘಾ ಬೇಟಿ, ಕೇಳು. ನಾವು ಓಡಿಸಿದ್ದು ರೇಸಿಗೆಂದು ಕಟ್ಟಿದ ದಾರಿಯಲ್ಲಿ ಅಲ್ಲ. ಮದ್ರಾಸಿನ ಹತ್ತಿರ ಯುದ್ಧಕಾಲದಲ್ಲಿ ವಿಮಾನ ಇಳಿಯುತ್ತಿದ್ದ ಹಳೆಯ ಸಿಮೆಂಟಿನ ದಾರಿ. ಸಿಮೆಂಟಿನ ಹಾಸುಗಳ ನಡುವೆ ಹುಲ್ಲು ಎದ್ದಿತ್ತು. ತಿರುವು ಎಲ್ಲಿದೆ ಎಂದು ತೋರಿಸಲು ಮರಳು ತುಂಬಿದ ಡಾಂಬರಿನ ಪೀಪಾಯಿಗಳನ್ನು ನಿಲ್ಲಿಸಿರುತ್ತಿದ್ದರು. ಪೀಪಾಯಿಗೆ ಗುದ್ದಿದರೆ ಪೀಪಾಯಿಗೆ ಏನೂ ಆಗುತ್ತಿರಲಿಲ್ಲ. ಕೆಲವು ಕಡೆ ಹುಲ್ಲಿನ ಹೊರೆ ಒಟ್ಟಿರುತ್ತಿದ್ದರು, ಅದಕ್ಕೆ ಕಿಡಿ ತಗುಲಿದರೆ ಮುಗಿಯಿತು. ಜನ ದಾರಿಯ ಅಂಚಿನಲ್ಲೇ ಬುತ್ತಿ ಬಿಚ್ಚಿಕೊಂಡು ಕೂತಿರುತ್ತಿದ್ದರು. ಒಮ್ಮೆ ನಾನು ನೂರು ಮೈಲಿ ವೇಗದಲ್ಲಿ ಬರುವಾಗ ಒಬ್ಬ ಮುದುಕ ಈ ಕಡೆಯಿಂದ ಆ ಕಡೆಗೆ ನೀರು ಕುಡಿಯಲು ದಾಟಿದ. ತಿರುಗಿ ನನ್ನನ್ನು ಬೈದ.

ಗಾಡಿ ಕಟ್ಟಿದವರೂ ನಾವೇ. ಹಳೆಯ ಕಾರಿನ ಎಂಜಿನ್, ಕಬ್ಬಿಣದ ಪೈಪು, ತಗಡು. ಪೆಟ್ರೋಲ್ ಟ್ಯಾಂಕನ್ನು ನಿನ್ನ ಅಜ್ಜ ವೀರಭದ್ರ ಮತ್ತು ನಾನು ಸೇರಿ ವೆಲ್ಡ್ ಮಾಡಿ ಸೀಟಿನ ಹಿಂದೆ, ಬೆನ್ನಿಗೆ ತಾಗುವಂತೆ ಕೂರಿಸಿದ್ದೆವು. ಜಾಗ ಬೇರೆ ಎಲ್ಲಿತ್ತು? ಹಾಕಿಕೊಳ್ಳುವ ಹತ್ತಿ ಬಟ್ಟೆಯನ್ನು ಅಕ್ಕಸಾಲಿಗರಿಂದ ತಂದ ಬಿಳಿಗಾರದ ನೀರಿನಲ್ಲಿ ಅದ್ದಿ ಒಣಗಿಸುತ್ತಿದ್ದೆವು, ಬೆಂಕಿ ಹತ್ತುವುದಿಲ್ಲ ಎಂಬ ಭರವಸೆ. ಒಣಗಿದ ಮೇಲೆ ಹಪ್ಪಳದಂತೆ ಗರಿಗರಿಯಾಗುತ್ತಿತ್ತು. ಹೆಲ್ಮೆಟ್ ಮೋಟರ್ ಸೈಕಲ್ಲಿನದು. ಉದಗೀರದ ಮಚ್ಛೇಂದ್ರ ಎಂಬ ನಮ್ಮ ಗೆಳೆಯನ ಹೆಲ್ಮೆಟ್ ಅವನ ತಲೆಗಿಂತ ದೊಡ್ಡದು. ಒಳಗೆ ಮರಾಠಿ ಪೇಪರ್ ತುರುಕಿಕೊಂಡು, "ನನ್ನ ತಲಿಯಾಗ ಇವತ್ತಿನ ಸುದ್ದಿ ಅದ" ಎನ್ನುತ್ತಿದ್ದ.

ಬೆಲ್ಟನ್ನು ಯಾರೂ ಕಟ್ಟಿಕೊಳ್ಳುತ್ತಿರಲಿಲ್ಲ. ಗಾಡಿ ಉರುಳಿದರೆ ಹೊರಗೆ ಎಸೆಯಲ್ಪಡಬೇಕು, ಆಗ ಉಳಿಯುತ್ತೇವೆ, ಒಳಗೆ ಸಿಕ್ಕಿಬಿದ್ದರೆ ಬೆಂಕಿಗೆ ಹೋಗುತ್ತೇವೆ ಎಂದು ನಂಬಿದ್ದೆವು. ಆಸ್ಪತ್ರೆಗೆ ಒಂದು ವ್ಯಾನ್ ಇತ್ತು. ಬೆಳಗ್ಗೆ ಚಹಾ ತಂದ ವ್ಯಾನೇ ಮಧ್ಯಾಹ್ನ ಗಾಯವಾದವರನ್ನು ಒಯ್ಯುತ್ತಿತ್ತು.

ಇಷ್ಟು ಸಾಕೇ ವೈನಿ? ಹುಡುಗಿ ಹೆದರದಿದ್ದರೆ ಬರೆಯಿರಿ. ಹೆದರಿದರೂ ಬರೆಯಿರಿ.

ನಿಮ್ಮ ಸೇವೆಗೆ ಇರುವ
ನಿಜಾಮೋದ್ದೀನ

*

ಭಾಲ್ಕಿ
2 ಜುಲೈ 2024

ನಿಜಾಮೋದ್ದೀನ ಅವರಿಗೆ,

ನಿಮಗೆ ಕೊಟ್ಟ ಕೆಲಸ ಕೆಟ್ಟಿತು. ನಾನು ಓದಿ ಹೇಳುತ್ತಿದ್ದೆ, ಅರ್ಧಕ್ಕೆ ಮೇಘಾ ಕಾಗದ ಕಸಿದುಕೊಂಡು ತಾನೇ ಓದಿದಳು. ಮುದುಕ ಬೈದ ಜಾಗಕ್ಕೆ ಬಂದು ಹೊಟ್ಟೆ ಹಿಡಿದು ನಕ್ಕಳು. ಪೆಟ್ರೋಲ್ ಟ್ಯಾಂಕಿನ ಚಿತ್ರ ಬರೆದು ಕಳಿಸಲು ಹೇಳಿ ಎಂದಿದ್ದಾಳೆ. ನಿಮ್ಮನ್ನು ಈಗಾಗಲೇ "ನಿಜಾಮ ಅಜ್ಜ" ಎನ್ನುತ್ತಾಳೆ. ನಾನು ಹೆದರಿಸಲು ಕರೆದವರು ನೀವು, ಅವಳ ಪಾಲಿಗೆ ಹೀರೋ ಆಗಿ ಕೂತಿರಿ!

ನೀವು ಬರೆದ ಒಂದೊಂದಕ್ಕೂ ಅವಳ ಬಳಿ ಉತ್ತರವಿದೆ. ಟ್ಯಾಂಕು ಈಗ ರಬ್ಬರ್ ಚೀಲದಲ್ಲಿರುತ್ತದಂತೆ, ಒಡೆಯುವುದಿಲ್ಲವಂತೆ. ಪೀಪಾಯಿಗಳ ಬದಲು ಟೈರಿನ ಗೋಡೆ. ಬಟ್ಟೆಗೆ ಬೆಂಕಿ ಹತ್ತುವುದಿಲ್ಲ. ಡಾಕ್ಟರು ದಾರಿಯ ಪಕ್ಕದಲ್ಲೇ. ಕೊನೆಗೆ ನನ್ನ ಕೈ ಹಿಡಿದು, ನನ್ನ ಸಮಾಧಾನಕ್ಕೆಂದೇ ಹೇಳಿದಳು: "ಈಗ ಆರ್ ಕಡಿಂದ ಬೆಲ್ಟ್ ಬಿಗೀತಾರ ಆಯಿ. ಒಂದೀಟೂ ಅಲುಗಾಡ್ಲಿಕ್ಕಿ ಬರಂಗಿಲ್ಲ."

ಆ ಮಾತು ಕೇಳಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ಯಾಕೆಂದು ಅವಳಿಗೂ ಹೇಳಿಲ್ಲ, ನಿಮಗೂ ಹೇಳುವುದಿಲ್ಲ.

ಉತ್ತರವಿಲ್ಲದ್ದೇನಾದರೂ ಇದ್ದರೆ ಬರೆಯಿರಿ.

ಈಶ್ವರಿ

*

ಬೀದರ
11 ಜುಲೈ 2024

ಈಶ್ವರಿ ವೈನಿಯವರಿಗೆ,

ಸಲಾಂ. ಟ್ಯಾಂಕಿನ ಚಿತ್ರ ಜೊತೆಗಿದೆ. ಬೇಟಿ ಕೇಳಿದ್ದಾಳೆ, ಕೊಡದೆ ಇರಲಾಗಲಿಲ್ಲ. ಬೈಯಬೇಡಿ.

ಉತ್ತರವಿಲ್ಲದ್ದನ್ನು ಕೇಳಿದಿರಿ. ಇದೆ, ಒಂದೇ ಒಂದು. ಪೇಪರ್ ತುರುಕಿದ ಹೆಲ್ಮೆಟ್ಟಿನ ಮಚ್ಛೇಂದ್ರನ ಬಗ್ಗೆ ಬರೆದಿದ್ದೆನಲ್ಲ, ಅವನು ಶನಿವಾರ ಅಭ್ಯಾಸದ ಓಟದಲ್ಲಿ ಹೋದ. ಗಾಡಿ ಪೀಪಾಯಿಗೆ ಬಡಿದು ಮೂತಿ ಮಡಚಿಕೊಂಡಿತು, ಅವನ ಕಾಲು ಪೆಡಲುಗಳ ನಡುವೆ ಸಿಕ್ಕಿಬಿತ್ತು. ಬೆಂಕಿ ಮೊದಲು ಸಣ್ಣದಿತ್ತು. ಮರಳಿನ ಬಕೆಟ್ ಹಿಡಿದು ವೀರಭದ್ರ, ನಾನು, ಇನ್ನೂ ನಾಲ್ಕು ಮಂದಿ ಓಡಿದೆವು. ಹತ್ತಿರ ಹೋಗಲು ಆಗಲಿಲ್ಲ. ಅವನು ನಮ್ಮ ಹೆಸರು ಹಿಡಿದು ಕರೆಯುತ್ತಿದ್ದ.

ಭಾನುವಾರ ರೇಸು. ಮರುದಿನವೇ. ಯಾರೂ ಮನೆಗೆ ಹೋಗಲಿಲ್ಲ ವೈನಿ. ಮಚ್ಛೇಂದ್ರ ಸುಟ್ಟುಹೋದ ಜಾಗದ ಮೇಲೆ ಮರಳು ಎರಚಿ ಗುಡಿಸಿದರು, ನಾವು ಅದರ ಮೇಲೆಯೇ ಗಾಡಿ ಓಡಿಸಿದೆವು. ಶನಿವಾರವನ್ನು ಕಣ್ಣಾರೆ ಕಂಡವರು ಭಾನುವಾರ ಯಾಕೆ ಕೂತೆವು? ಇದನ್ನು ಮೇಘಾಗೆ ಕೇಳಿ. ಅವಳಿಗೆ ಉತ್ತರ ಗೊತ್ತಿದ್ದರೆ ನನಗೂ ತಿಳಿಸಲಿ, ನಾನು ಇನ್ನೂ ಹುಡುಕುತ್ತಿದ್ದೇನೆ.

ಆ ಭಾನುವಾರವೇ ನೀವು ವೀರಭದ್ರನನ್ನು ಕಳೆದುಕೊಂಡಿರಿ. ನೋವಿಲ್ಲದೆ ಹೋದ ಎಂದಷ್ಟೇ ಅವನನ್ನು ಮನೆಗೆ ತಂದ ದಿನ ಹೇಳಿದ್ದೆ, ಅದಕ್ಕಿಂತ ಹೆಚ್ಚು ನೀವು ಎಂದೂ ಕೇಳಲಿಲ್ಲ, ನಾನು ಎಂದೂ ಹೇಳಲಿಲ್ಲ.

ಒಮ್ಮೆ ನಿಮ್ಮನ್ನು ಔರಾದ ಬಸ್ ನಿಲ್ದಾಣದಲ್ಲಿ ಕಂಡಿದ್ದೆ. ಎಂಬತ್ತೊಂಬತ್ತನೇ ಇಸವಿ ಇರಬೇಕು. ಒಂದು ಲಾರಿ ರಿಪೇರಿಗೆ ಬಂದಿದ್ದೆ. ನೀವು ಎಕಂಬಾ ಬಸ್ಸಿನ ಕಿಟಕಿಯಲ್ಲಿ ಕೂತಿದ್ದಿರಿ. ನಾನು ನೋಡಿದೊಡನೆ ನೀವು ಮುಖ ತಿರುಗಿಸಿದಿರಿ. ನಾನು ಹೊರಟುಹೋದೆ. ಸರಿಯಾಗಿಯೇ ಮಾಡಿದಿರಿ ಎಂದುಕೊಂಡೆ.

ಇನ್ನೊಂದು ಮಾತು. ಬೆಲ್ಟಿನ ಮಾತಿಗೆ ನಿಮಗೆ ಊಟ ಸೇರುತ್ತಿಲ್ಲ ಎಂದಿರಿ. ನೀವು ನಿಜಕ್ಕೂ ಹೆದರಿರುವುದು ಯಾವುದಕ್ಕೆ?

ನಿಜಾಮೋದ್ದೀನ

*

ಭಾಲ್ಕಿ
29 ಜುಲೈ 2024

ನಿಜಾಮೋದ್ದೀನ ಅವರಿಗೆ,

ನಿಮ್ಮ ಈ ಕಾಗದವನ್ನು ಮೇಘಾಗೆ ತೋರಿಸಲಿಲ್ಲ. ಚಿತ್ರ ಮಾತ್ರ ಕೊಟ್ಟೆ.

ಯಾವುದಕ್ಕೆ ಹೆದರಿದ್ದೇನೆ ಎಂದು ಕೇಳಿದಿರಿ. ನಾನು ಹೊಲಿದ ಪಟ್ಟಿಗೆ. ನಿಮಗೆ ಮರೆತಿರಲಾರದು. ಗುಜರಿಯಲ್ಲಿ ಸಿಕ್ಕ ಹಳೆಯ ಪ್ಯಾರಾಚೂಟಿನ ಪಟ್ಟಿಯನ್ನು ತಂದವರು ನೀವೇ. ಸೊಂಟಕ್ಕೆ ಕಟ್ಟುವ ಬೆಲ್ಟ್ ಮಾಡಿಕೊಡುತ್ತೇನೆ ಎಂದು ಹಟ ಹಿಡಿದವಳು ನಾನು. ಆಗ ಸಂಜು ನನ್ನ ಹೊಟ್ಟೆಯಲ್ಲಿದ್ದ. ನಿಮ್ಮ ಮನೆಯ ಪಡಸಾಲೆಯಲ್ಲಿ ಕೂತು ದಬ್ಬಣದಿಂದ ನಾಲ್ಕು ಸಾಲು ಹೊಲಿದೆ, ಖತೀಜಾ ದಾರಕ್ಕೆ ಮೇಣ ಹಚ್ಚಿಕೊಟ್ಟಳು. ನೀವು ನಗುತ್ತಿದ್ದಿರಿ. ಅವರೂ ನಕ್ಕರು. ಆದರೆ ಹೊರಡುವಾಗ ನನ್ನ ತಲೆ ಮುಟ್ಟಿ, "ಇದು ಕಟ್ಕೊಂಡೇ ಕೂಡ್ತೇನಿ, ನಿನ್ನಾಣಿ" ಎಂದರು.

ಅವರನ್ನು ಲಾರಿಯಲ್ಲಿ ತಂದ ದಿನ ಮುಖದ ಸಮೇತ ಬಟ್ಟೆ ಸುತ್ತಿದ್ದರು. "ನೋಡಬ್ಯಾಡವ್ವ" ಎಂದು ನನ್ನನ್ನು ಹಿಂದಕ್ಕೆ ಎಳೆದರು. ಪೇಪರಿನಲ್ಲಿ ಸುಟ್ಟು ಕರಕಾದ ಗಾಡಿಯ ಫೋಟೊ ಬಂದಿತ್ತು. ಅಂಗಳದಲ್ಲಿ ಯಾರೋ ಮಾತಾಡುತ್ತಿದ್ದರು: "ಸೊಂಟಕ್ಕ ಪಟ್ಟಾ ಬಿಗಿದಿದ್ನಂತ ನೋಡ್ರಿ. ಹೊರಗ ಬರ್ಲಿಕ್ಕಿ ಆಗಿಲ್ಲ, ಗಾಡಿ ಜೋಡಿನೇ ಸುಟ್ಟ." ಯಾರ ದನಿ ಎಂದು ಇವತ್ತಿಗೂ ಗೊತ್ತಿಲ್ಲ. ಒಳಗೆ ನೀರು ಕುಡಿಯುತ್ತಿದ್ದವಳು ಲೋಟ ಕೆಳಗಿಟ್ಟೆ.

ಅಂದಿನಿಂದ ಇದನ್ನು ಯಾರಿಗೂ ಹೇಳಿಲ್ಲ. ಮಗನಿಗೆ ಏನೆಂದು ಹೇಳಲಿ, ನಿಮ್ಮಪ್ಪನನ್ನು ಬೆಂಕಿಯಲ್ಲಿ ಕಟ್ಟಿಹಾಕಿದವಳು ನಾನು ಎಂದೇ? ನೀವು ಮೊದಲ ಕಾಗದದಲ್ಲಿ ಬೆಲ್ಟನ್ನು ಯಾರೂ ಕಟ್ಟಿಕೊಳ್ಳುತ್ತಿರಲಿಲ್ಲ ಎಂದು ಬರೆದಿರಿ. ಒಬ್ಬರು ಕಟ್ಟಿಕೊಂಡಿದ್ದರಲ್ಲ. ಕರುಣೆಯಿಂದ ಆ ಹೆಸರು ಬಿಟ್ಟಿರಿ ಎಂದು ತಿಳಿದೆ.

ಔರಾದ ನಿಲ್ದಾಣದ ವಿಷಯ ಎತ್ತಿದಿರಿ. ನಾನು ಮುಖ ತಿರುಗಿಸಿದ್ದು ಆಮೇಲೆ. ಅದಕ್ಕೂ ಮೊದಲು ಕಿಟಕಿಯಿಂದ ತಲೆ ಹೊರಗೆ ಹಾಕಿ "ನಿಜಾಮಣ್ಣಾ" ಎಂದು ಕೂಗಿದೆ. ಎರಡು ಸಲ. ನಿಲ್ದಾಣದವರೆಲ್ಲ ತಿರುಗಿ ನೋಡಿದರು, ನೀವು ಬೆನ್ನು ತಿರುಗಿಸಿ ನಿಂತೇ ಇದ್ದಿರಿ. ಗೆಳೆಯನನ್ನು ಕೊಂದವಳ ಜೊತೆ ಮಾತೇಕೆ ಎಂದುಕೊಂಡಿರಿ ಎಂದು ನನಗೆ ಅನ್ನಿಸಿತು. ಆಮೇಲೆ ನಾನು ಯಾರನ್ನೂ ಹಾಗೆ ಕೂಗಿ ಕರೆದಿಲ್ಲ.

ಈಗ ಮೊಮ್ಮಗಳನ್ನು ಆರು ಕಡೆಯಿಂದ ಬಿಗಿಯುತ್ತಾರಂತೆ. ನಾನು ಹೂಂ ಎನ್ನಲೇ?

ಒಂದೇ ಪ್ರಶ್ನೆ. ನನ್ನ ಹೊಲಿಗೆ ಬಿಚ್ಚಿಕೊಂಡಿದ್ದರೆ ಅವರು ಉಳಿಯುತ್ತಿದ್ದರೇ?

ಈಶ್ವರಿ

*

ಭಾಲ್ಕಿ
27 ಆಗಸ್ಟ್ 2024

ನಿಜಾಮೋದ್ದೀನ ಅವರಿಗೆ,

ತಿಂಗಳಾಯಿತು, ನಿಮ್ಮಿಂದ ಒಂದು ಸಾಲಿಲ್ಲ. ಅಂಚೆಯವನಿಗೆ ನನ್ನ ಮುಖ ನೋಡಿ ಕನಿಕರ ಬರುವಷ್ಟಾಗಿದೆ. ಮೌನವೇ ಉತ್ತರ ಎಂದು ತಿಳಿಯುತ್ತೇನೆ. ಮೇಘಾಗೆ ಬೇಡ ಎಂದು ಖಂಡಿತವಾಗಿ ಹೇಳಿಬಿಡುತ್ತೇನೆ, ಕಾರಣ ಕೇಳಬೇಡ ಎನ್ನುತ್ತೇನೆ. ನಿಮಗೆ ಇನ್ನು ತೊಂದರೆ ಕೊಡುವುದಿಲ್ಲ.

ಈಶ್ವರಿ

*

ಬೀದರ
31 ಆಗಸ್ಟ್ 2024

ಈಶ್ವರಿ ವೈನಿ,

ಹೇಳಬೇಡಿ. ಹುಡುಗಿಗೆ ಇನ್ನೂ ಏನನ್ನೂ ಹೇಳಬೇಡಿ. ಮೊದಲು ಇದನ್ನು ಓದಿರಿ.

ನಾನು ತಿಂಗಳು ಸುಮ್ಮನಿದ್ದದ್ದು ನಿಮ್ಮ ಮೇಲಿನ ಸಿಟ್ಟಿನಿಂದ ಅಲ್ಲ. ಸಾಯುವವನಿಗೆ ಒಂದು ಮಾತು ಕೊಟ್ಟಿದ್ದೆ. ಅದನ್ನು ಮುರಿಯಬೇಕೋ ಬೇಡವೋ ಎಂದು ಪ್ರತಿ ನಮಾಜಿನಲ್ಲೂ ಕೇಳಿದೆ. ನಿಮ್ಮ ಈ ಕೊನೆಯ ಕಾಗದ ಬಂದಾಗ ಅರ್ಥವಾಯಿತು, ಆ ಮಾತು ನಿಮ್ಮನ್ನು ಕಾಯಲಿಲ್ಲ, ನಿಮ್ಮ ಜೀವ ತಿಂದಿತು. ಮುರಿಯುತ್ತಿದ್ದೇನೆ. ಅಲ್ಲಿಗೆ ಹೋದ ಮೇಲೆ ವೀರಭದ್ರನ ಹತ್ತಿರ ನಾನೇ ಬೈಸಿಕೊಳ್ಳುತ್ತೇನೆ.

ಅವನು ಪಟ್ಟಿ ಕಟ್ಟಿಕೊಂಡಿರಲಿಲ್ಲ.

ಶನಿವಾರ ಕಟ್ಟಿಕೊಂಡೇ ಓಡಿಸಿದ್ದ. ಸಂಜೆ ಮಚ್ಛೇಂದ್ರ ಸುಟ್ಟುಹೋದ. ಭಾನುವಾರ ರೇಸಿಗೆ ಮುಂಚೆ ವೀರಭದ್ರ ಪಟ್ಟಿಯ ನಟ್ಟುಗಳನ್ನು ತಾನೇ ಬಿಚ್ಚಿದ. ಪಟ್ಟಿಯನ್ನು ನನ್ನ ಹೆಗಲ ಮೇಲೆ ಹಾಕಿ, "ನಿನ್ನಿ ನೋಡ್ದಿಲ್ಲೋ? ಬಿದ್ರ ಎಲುಬು ಮುರೀತಾವ. ಸುಟ್ರ ಏನ್ ಉಳೀತದ?" ಎಂದ. ನಾನು ತಡೆಯಲಿಲ್ಲ. ನಾವೆಲ್ಲ ಹಾಗೇ ನಂಬಿದ್ದವರು. ನಿಮ್ಮ ಮೇಲಿನ ಪ್ರೀತಿ ಕಡಿಮೆಯಾಗಿ ಬಿಚ್ಚಲಿಲ್ಲ ವೈನಿ. ಹೆದರಿದ್ದ. ಅವನು ಹೆದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ತಿರುವಿನಲ್ಲಿ ಸಿಮೆಂಟಿನ ಅಂಚಿಗೆ ಚಕ್ರ ತಾಗಿತು. ಗಾಡಿ ಒಮ್ಮೆ ಉರುಳಿದೊಡನೆ ಅವನು ಹೊರಗೆ ಬಿದ್ದ, ಪೀಪಾಯಿಗೆ ತಲೆ ಬಡಿಯಿತು. ಗಾಡಿ ಖಾಲಿಯಾಗಿ ಮುಂದಕ್ಕೆ ಉರುಳಿಹೋಗಿ ಅಲ್ಲಿ ಹೊತ್ತಿಕೊಂಡಿತು. ಪೇಪರಿನಲ್ಲಿ ನೀವು ನೋಡಿದ್ದು ಅದು. ಅದರೊಳಗೆ ಯಾರೂ ಇರಲಿಲ್ಲ. ಶನಿವಾರದ ಪಟ್ಟಿ, ಮಚ್ಛೇಂದ್ರನ ಬೆಂಕಿ, ಖಾಲಿ ಗಾಡಿ ಮೂರನ್ನೂ ಕಲಸಿ ಯಾರೋ ಆಡಿದ ಮಾತು ಅಂಗಳದಲ್ಲಿ ನಿಮ್ಮ ಕಿವಿಗೆ ಬಿದ್ದಿರಬೇಕು. ಅವನ ಮೈಮೇಲೆ ಒಂದು ಬೊಬ್ಬೆಯೂ ಎದ್ದಿರಲಿಲ್ಲ. ಮುಖಕ್ಕೆ ಬಟ್ಟೆ ಸುತ್ತಿದ್ದು ತಲೆಯ ಗಾಯಕ್ಕೆ.

ನೋವಿಲ್ಲದೆ ಹೋದ ಎಂದು ನಿಮಗೆ ಹೇಳಿದ್ದು ಸುಳ್ಳು. ಚಹಾದ ವ್ಯಾನು ಜನರ ನಡುವೆ ಸಿಕ್ಕಿಕೊಂಡಿತ್ತು. ಅದು ಬರುವವರೆಗೆ ಅವನ ತಲೆ ನನ್ನ ತೊಡೆಯ ಮೇಲಿತ್ತು. ಮಾತು ತೊದಲುತ್ತಿತ್ತು. "ಪಟ್ಟಾ ಬಿಟ್ಟು ಕೂತಿದ್ದ ಅಂತ ಆಕಿಗಿ ಹೇಳಬ್ಯಾಡ. ಜಗಳ ತೆಗೀತಾಳ" ಎಂದ. ನಗಲಿಕ್ಕೂ ನೋಡಿದ. ಹೂಂ ಎಂದೆ. ಆಮೇಲೆ ಅವನು ಮಾತಾಡಲಿಲ್ಲ.

ಮುಂದಿನ ವರ್ಷ ನಾನು ಯಾಕೆ ಕೂತೆ ಎಂಬ ಸಿಟ್ಟು ನಿಮಗಿದೆ. ಅವನಿಗಾಗಿ ಎಂದರೆ ನಾಟಕವಾಗುತ್ತದೆ. ಮನೆಯಲ್ಲಿ ಇರಲಾಗಲಿಲ್ಲ, ಅಷ್ಟೇ. ಆದರೆ ನಿಮ್ಮ ಪಟ್ಟಿ ಕಟ್ಟಿಕೊಂಡು ಕೂತೆ. ಎಲ್ಲರೂ ನಕ್ಕರು. ಅದೇ ತಿರುವಿನಲ್ಲಿ ನನ್ನ ಗಾಡಿಯೂ ಉರುಳಿತು, ಮೂರು ಸುತ್ತು. ತಲೆಕೆಳಗಾಗಿ ನೇತಾಡುತ್ತಿದ್ದೆ, ಪೆಟ್ರೋಲು ಎದೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಖುದಾನ ದಯೆ, ಕಿಡಿ ಹತ್ತಲಿಲ್ಲ. ಹೆಗಲ ಎಲುಬು ಮುರಿಯಿತು, ಜೀವ ಉಳಿಯಿತು. ಅಂದೇ ಬಿಟ್ಟೆ. ನಿಮಗೆ ಹೇಳಬೇಕೆಂದು ಭಾಲ್ಕಿಗೆ ಬಂದೆ. ಬಾಗಿಲಲ್ಲೇ ನಿಮ್ಮ ಮೈದುನ, "ವೈನಿ ನಿಮ್ಮ ಮಾರಿ ನೋಡಂಗಿಲ್ಲಂತರಿ" ಎಂದರು.

ಇನ್ನು ಔರಾದ. ಸೈಲೆನ್ಸರ್ ಇಲ್ಲದ ಪೈಪು ಕಿವಿಯ ಪಕ್ಕದಲ್ಲೇ ಬಡಿಯುತ್ತಿತ್ತು, ಹತ್ತಿ ಇಟ್ಟುಕೊಂಡವನನ್ನು ಹೆಂಗಸು ಎನ್ನುತ್ತಿದ್ದೆವು. ಎಂಬತ್ತೊಂಬತ್ತರ ಹೊತ್ತಿಗೆ ಎರಡೂ ಕಿವಿ ಹೋಗಿದ್ದವು. ಇದು ವಯಸ್ಸಿನದಲ್ಲ. ಮೊದಲ ಕಾಗದದಲ್ಲಿ ಇಷ್ಟೆಲ್ಲ ಅಪಾಯ ಬರೆದು ಇದನ್ನೇ ಬಿಟ್ಟೆ, ನಾವದನ್ನು ಅಪಾಯವೆಂದು ಎಣಿಸಿಯೇ ಇರಲಿಲ್ಲ. ನೀವು ಕರೆದದ್ದು ನನಗೆ ಕೇಳಲಿಲ್ಲ ವೈನಿ. ನಿಮ್ಮ ಕಾಗದದಲ್ಲಿ ಆ ಸಾಲು ಓದಿ ನಾನು ಮಕ್ಕಳ ಎದುರೇ ಅತ್ತೆ. ಗುಡಿಯಾ, ನನ್ನ ಮೊಮ್ಮಗಳು, ಹೆದರಿ ತಾಯಿಯನ್ನು ಕರೆತಂದಳು.

ನಿಮ್ಮ ಹೊಲಿಗೆ ಬಿಚ್ಚಿಕೊಂಡಿದ್ದರೆ ಅವನು ಉಳಿಯುತ್ತಿದ್ದನೇ ಎಂದು ಕೇಳಿದಿರಿ. ನಿಮ್ಮ ಹೊಲಿಗೆ ಬಿಚ್ಚಿಕೊಳ್ಳಲಿಲ್ಲ. ಅದಕ್ಕೇ ನಾನು ಈ ಕಾಗದ ಬರೆಯುತ್ತಿದ್ದೇನೆ.

ನಿಜಾಮ

*

ಭಾಲ್ಕಿ
7 ಸೆಪ್ಟೆಂಬರ್ 2024

ನಿಜಾಮೋದ್ದೀನ ಅವರಿಗೆ,

ನಿಮ್ಮ ಕಾಗದವನ್ನು ನಾನು ನಂಬಲಾರೆ. ನಂಬುವ ಆಸೆ ಎಷ್ಟಿದೆ ಎಂದರೆ, ಅದಕ್ಕೇ ನಂಬಲು ಹೆದರಿಕೆ. ನೋವಾಗಲಿಲ್ಲ ಎಂದು ಒಮ್ಮೆ ಒಳ್ಳೆಯ ಮನಸ್ಸಿನಿಂದ ಸುಳ್ಳು ಹೇಳಿದವರು ನೀವು. ಮುದುಕಿಯ ಕಣ್ಣೀರು ಒರೆಸಲು ಇನ್ನೊಂದು ಹೇಳಿದರೆ ನನಗೆ ಹೇಗೆ ಗೊತ್ತಾಗಬೇಕು?

ಪಟ್ಟಿ ಸುಡದೆ ಉಳಿದಿದ್ದರೆ ನಿಮ್ಮ ಹತ್ತಿರ ಇರಬೇಕು. ಕಳಿಸಿರಿ. ಬೇರೆ ಯಾವುದೋ ಹಳೆಯ ಪಟ್ಟಿ ಕಳಿಸಿದರೆ ನನಗೆ ತಿಳಿಯುತ್ತದೆ. ನಾನು ಹೊಲಿದ ಪಟ್ಟಿಯಲ್ಲಿ ಒಂದು ಗುರುತು ಇದೆ. ಅದನ್ನು ಅವರಿಗೂ ಹೇಳಿರಲಿಲ್ಲ, ಖತೀಜಾಗೂ ಗೊತ್ತಿರಲಿಲ್ಲ.

ಈಶ್ವರಿ

*

ಬೀದರ
14 ಸೆಪ್ಟೆಂಬರ್ 2024

ಈಶ್ವರಿ ವೈನಿಯವರಿಗೆ,

ಪಟ್ಟಿ ಈ ಪೊಟ್ಟಣದಲ್ಲಿದೆ. ಖತೀಜಾ ತನ್ನ ಮದುವೆಯ ಸೀರೆಯ ಜೊತೆ ಪೆಟ್ಟಿಗೆಯಲ್ಲಿ ಇಟ್ಟಿದ್ದಳು, ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕುತ್ತಿದ್ದಳು. ಕನ್ನಡಕ ಹಾಕಿಕೊಂಡು ಉದ್ದಕ್ಕೂ ಹುಡುಕಿದೆ, ಗುರುತು ಯಾವುದೂ ಕಾಣಲಿಲ್ಲ. ಉದುರಿಹೋಗಿದ್ದರೆ ನಾನು ಏನು ಮಾಡಲಿ? ಬಕ್ಕಲಿನ ಹತ್ತಿರ ಒಂದು ಸಾಲು ಜಗ್ಗಿದೆ, ಅದು ನನ್ನ ಭಾರಕ್ಕೆ. ಆಗ ನಾನು ಈಗಿನ ಹಾಗೆ ಕಡ್ಡಿಯಾಗಿರಲಿಲ್ಲ.

ಇದನ್ನು ಕೊಟ್ಟ ಮೇಲೆ ನನ್ನ ಹತ್ತಿರ ಆ ಕಾಲದ್ದು ಏನೂ ಉಳಿಯುವುದಿಲ್ಲ. ತಲುಪಿತು ಎಂದಾದರೂ ಬರೆಯಿರಿ.

ನಿಜಾಮ

*

ಭಾಲ್ಕಿ
28 ಸೆಪ್ಟೆಂಬರ್ 2024

ನಿಜಾಮಣ್ಣಾ,

ತಲುಪಿತು.

ನನ್ನ ಅವ್ವ ಗುರಮ್ಮ ಊರಿಗೆಲ್ಲ ಹಳೆಯ ಸೀರೆಗಳಿಂದ ಹೊದೆಯುವ ಕೌದಿ ಹೊಲಿದುಕೊಡುತ್ತಿದ್ದಳು. ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೆ ಒಂದು ಜೋಳದ ಕಾಳು ಇಡುತ್ತಿದ್ದಳು. "ಮೈ ಕಾಯೂದು ಹಸ್ಕೊಂಡು ಹೋಗಬಾರ್ದವ್ವ" ಎನ್ನುತ್ತಿದ್ದಳು. ನಿಮ್ಮ ಪಡಸಾಲೆಯಲ್ಲಿ ಪಟ್ಟಿ ಹೊಲಿಯುವಾಗ ನೀವೆಲ್ಲ ನಗುತ್ತಿದ್ದಿರಿ. ಕಾಳಿನ ವಿಷಯ ಹೇಳಿದರೆ ಇನ್ನೂ ನಗುತ್ತೀರಿ ಎಂದು, ಬಕ್ಕಲಿನ ಪಕ್ಕದ ಮಡಿಕೆಯಲ್ಲಿ ಸುಮ್ಮನೆ ಇಟ್ಟು ಮುಚ್ಚಿದೆ.

ಪೊಟ್ಟಣ ಬಂದಾಗ ಮೇಘಾ ಕಾಲೇಜಿನಿಂದ ಬಂದಿದ್ದಳು. ಅವಳ ಕೈಗೆ ಕೊಟ್ಟೆ, ಅವಳೇ ಬಿಚ್ಚಿದಳು. ಎಲ್ಲಿಯೂ ಸುಟ್ಟ ಕಲೆ ಇಲ್ಲ. ಮಡಿಕೆಯ ಮೇಲೆ ಹೆಬ್ಬೆರಳು ಒತ್ತಿದೆ. ಗಟ್ಟಿಯಾಗಿ ಏನೋ ಸಿಕ್ಕಿತು. ಎರಡು ಹೊಲಿಗೆ ಕತ್ತರಿಸಿ ಅಂಗೈಗೆ ಜಾಡಿಸಿದೆ. ಹುಳ ತಿಂದು ಟೊಳ್ಳಾಗಿದೆ, ಮುಟ್ಟಿದರೆ ಪುಡಿಯಾಗುವಂತಿದೆ. ಆದರೆ ಇದೆ. ಅಲ್ಲೇ ನೆಲದ ಮೇಲೆ ಕೂತು ಮೇಘಾಗೆ ಎಲ್ಲವನ್ನೂ ಹೇಳಿದೆ. ಅಂಗಳದಲ್ಲಿ ಯಾರೋ ಆಡಿದ ಮಾತು, ಔರಾದ, ನಿಮ್ಮ ಕಿವಿ, ಎಲ್ಲ. ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟು ಕೇಳಿದಳು.

ಆಮೇಲೆ ಎದ್ದುಹೋಗಿ ಅವರ ಫೋಟೊದ ಮುಂದೆ ನಿಂತೆ. ಇಷ್ಟು ವರ್ಷ ಆ ಫೋಟೊದ ಕಣ್ಣಿಗೆ ಕಣ್ಣು ಕೊಟ್ಟಿರಲಿಲ್ಲ, ಹೂವಿಟ್ಟು ತಲೆ ತಗ್ಗಿಸಿ ಬರುತ್ತಿದ್ದೆ. ಅವತ್ತು ನಿಂತು ಬೈದೆ. "ನನ್ನ ತಲಿ ಮುಟ್ಟಿ ಆಣಿ ಮಾಡಿದ್ರಿ. ಹೊಟ್ಟಿಯಾಗ ಕೂಸಿತ್ತು. ಕಟ್ಕೊಂಡಿದ್ರ ಏನ್ ಹೋಗ್ತಿತ್ತ್ರಿ ನಿಮ್ಮ ಗಂಟು?" ಕಟ್ಟಿಕೊಂಡಿದ್ದರೆ ಉಳಿಯುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಗಾಡಿ ಹೇಗಿದ್ದರೂ ಸುಟ್ಟಿತಲ್ಲ. ಆದರೂ ಬೈದೆ. ಜಗಳ ತೆಗೆಯುತ್ತಾಳೆ ಎಂದಿದ್ದರಂತಲ್ಲ, ಅವರಿಗೆ ನನ್ನ ಸ್ವಭಾವ ಚೆನ್ನಾಗಿ ಗೊತ್ತಿತ್ತು. ಸೊಸೆ ಅಡಿಗೆಮನೆಯಿಂದ ಓಡಿಬಂದಳು. ಮೇಘಾ ಅವಳನ್ನು ತಡೆದು, "ಬೈಲಿ ಬಿಡು ಮಮ್ಮಿ" ಎಂದಳಂತೆ. ಬೈದು ಬೈದು ಸುಸ್ತಾಗಿ ಕೂತಾಗ ಹಸಿವಾಯಿತು. ಎರಡು ರೊಟ್ಟಿ ತಿಂದೆ.

ಮೇಘಾಗೆ ಹೂಂ ಎಂದಿದ್ದೇನೆ. ಭಯ ಹೋಗಿಲ್ಲ ನಿಜಾಮಣ್ಣ, ಅದು ನನ್ನ ಜೊತೆಗೇ ಹೋಗಬೇಕು. ಆದರೆ ಭಯ ನನ್ನದು, ಅವಳದಲ್ಲ. ನಿಮ್ಮ ಶನಿವಾರ ಭಾನುವಾರದ ಪ್ರಶ್ನೆಯನ್ನೂ ಅವಳಿಗೆ ಕೇಳಿದೆ. "ಇದಕ್ಕ ನನ್ನಲ್ಲಿ ಉತ್ತರ ಇಲ್ಲ ಆಯಿ" ಎಂದಳು. ಆ ಮಾತಿಗೇ ನಾನು ಒಪ್ಪಿದೆ. ಎಲ್ಲದಕ್ಕೂ ಉತ್ತರವಿದ್ದಿದ್ದರೆ ಕಳಿಸುತ್ತಿರಲಿಲ್ಲ.

ಪಟ್ಟಿಯ ಮಡಿಕೆಯಲ್ಲಿ ಈ ವರ್ಷದ ಜೋಳದ ಕಾಳು ಇಟ್ಟು ಮತ್ತೆ ಹೊಲಿದಿದ್ದೇನೆ. ಅದು ನಿಮ್ಮದು, ನಿಮ್ಮನ್ನು ಹಿಡಿದುಕೊಂಡದ್ದು. ಅಂಚೆಯಲ್ಲಿ ಕಳಿಸುವುದಿಲ್ಲ, ಬಂದು ಒಯ್ಯಿರಿ. ಅಕ್ಟೋಬರ್ ಆರನೇ ತಾರೀಕು, ಭಾನುವಾರ, ಮೇಘಾ ಭಾಲ್ಕಿ ಸ್ಟೇಷನ್ನಿನಿಂದ ಬೆಳಗಿನ ರೈಲಿಗೆ ಹೊರಡುತ್ತಾಳೆ. ನಿಜಾಮ ಅಜ್ಜನನ್ನು ನೋಡದೆ ಹತ್ತುವುದಿಲ್ಲ ಎಂದು ಕೂತಿದ್ದಾಳೆ.

ಪ್ಲಾಟ್‌ಫಾರ್ಮಿನ ಮೇಲೆ ಜನ ಇರುತ್ತಾರೆ. ನಾನು ಸ್ಟೇಷನ್ನಿನ ಬಾಗಿಲ ಹತ್ತಿರವೇ ನಿಂತಿರುತ್ತೇನೆ. ಈ ಸಲ ಕೂಗುವುದಿಲ್ಲ, ಕೈ ಬೀಸುತ್ತೇನೆ. ನೀವು ಈ ಕಡೆ ನೋಡುತ್ತಿರಿ.

ನಿಮ್ಮ ತಂಗಿ
ಈಶ್ವರಿ